ಹನ್ನೆರಡು ಜನರ ಬಚ್ಚಲುಮನೆ

ಮಧ್ಯಾಹ್ನ ಮೂರಕ್ಕೆ ಬರಬೇಕು, ಕೋಟಿನ ಅಳತೆ ನೋಡುವುದಿದೆ ಎಂದು ಮಿಸ್ ಓರ್ಡೆಲಿಯಾ ಹೇಳಿಕಳಿಸಿದ್ದಳು. ಹೇಳಿಕಳಿಸಿದ್ದು ಎಲ್ಡ್ರಿಜ್‌ನ ಅಕ್ಕ ವರ್ನಾಳ ಕೈಲಿ. ವರ್ನಾಳಿಗೆ ಯಾವುದನ್ನೂ ಮೆಲ್ಲಗೆ ಹೇಳಿ ಅಭ್ಯಾಸವಿಲ್ಲ. "ಏಯ್ ಎಲ್ಡ್ರಿಜ್, ಲೆಸ್ಟನ್ನನ ಕೋಟನ್ನ ನಿನ್ನ ಮೈಗೆ ಸರಿಮಾಡ್ತಾಳಂತೆ ಕಣೋ, ನಾಳೆ ಚರ್ಚಿಗೆ! ಸ್ನಾನ ಮಾಡ್ಕೊಂಡು ಹೋಗು, ಉಪ್ಪುನೀರು ನಾತ ಹೊತ್ಕೊಂಡು ಹೋಗ್ಬೇಡ," ಎಂದು ಟಾರ್ಪಾಲಿನ ಹೊರಗೆ ನಿಂತು ರಸ್ತೆಯವರಿಗೆಲ್ಲ ಕೇಳಿಸುವ ಹಾಗೆ ಕೂಗಿದ್ದಳು. ಈಗ ದಕ್ಕೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಬಾಣಲೆಯಲ್ಲಿ ಸಿಮೆಂಟು ನಾದುತ್ತಿದ್ದ ಅವನಿಗೆ ಆ ಮೂರು ಗಂಟೆ ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಾಗಿತ್ತು. ಅವನ ಸ್ವಂತ ಕೋಟು ಬೀರುವಿನ ಜೊತೆ, ಬೀರು ಗೋಡೆಯ ಜೊತೆ, ಗೋಡೆ ಚಂಡಮಾರುತದ ಗಾಳಿಯ ಜೊತೆ ಹೋಗಿ ನಾಳೆಗೆ ನೂರು ದಿನ. ನೂರು ದಿನವಾಯಿತೆಂದೇ ನಾಳೆ ಚರ್ಚಿನಲ್ಲಿ ಕೃತಜ್ಞತೆಯ ಪ್ರಾರ್ಥನೆ. ಹನ್ನೆರಡು ಜೀವ ಉಳಿಸಿದವನೆಂದು ಪಾಸ್ಟರು ಅವನನ್ನು ಎಬ್ಬಿಸಿ ನಿಲ್ಲಿಸುವವರು, ಎದೆಗೆ ಹೂವು ಸಿಕ್ಕಿಸುವವಳು ಮಿಸ್ ಓರ್ಡೆಲಿಯಾ. ಹೂವಿನ ಕೆಲಸವನ್ನು ಯಾರೂ ಅವಳಿಗೆ ಒಪ್ಪಿಸಿರಲಿಲ್ಲ, ತಾನಾಗಿ ಕೇಳಿ ಪಡೆದುಕೊಂಡಿದ್ದಳು. ನನ್ನ ಗಂಡ ಲೆಸ್ಟನ್ನನ ಜೋಡಿ ಇಪ್ಪತ್ತೆಂಟು ವರ್ಷ ನೀರಿಗಿಳಿದವನು, ಅವನಿಗೆ ನಾನಲ್ಲದೆ ಇನ್ಯಾರು ಎಂದಳಂತೆ. ಸಿಮೆಂಟಿಗೆ ನೀರು ಜಾಸ್ತಿಯಾಯಿತು. ಥೂ ಎಂದುಕೊಂಡು ಇನ್ನೊಂದು ಹಿಡಿ ಪುಡಿ ಸುರಿದುಕೊಂಡ.

ಊರಿಗೆ ಊರೇ ಮಲಗಿದರೂ ಅವನ ಮನೆಯ ಬಚ್ಚಲು ಮಾತ್ರ ಮಲಗಿರಲಿಲ್ಲ. ಅಪ್ಪ ಯಾವ ಕಾಲದಲ್ಲೋ ಮೇಲೊಂದು ನೀರಿನ ತೊಟ್ಟಿ ಇಡಬೇಕೆಂದು ಹಟ ಹಿಡಿದು ಕಾಂಕ್ರೀಟು ತಾರಸಿ ಹಾಕಿಸಿದ್ದ. ತೊಟ್ಟಿಗೆ ಯೋಗ ಬರದೆ ತಾರಸಿ ಹಾಗೇ ಉಳಿದಿತ್ತು. ಐದಡಿ ಅಗಲ, ಎಂಟಡಿ ಉದ್ದ. ಅದರಲ್ಲಿ ವರ್ನಾ, ಅವಳ ಮಕ್ಕಳು, ಮೊಮ್ಮಕ್ಕಳು, ಮೇಲ್ಮನೆಯ ಬಸುರಿ, ಅವಳ ಅತ್ತೆ, ಹೀಗೆ ಹನ್ನೆರಡು ಜನ. ಬಾಗಿಲಿಗೆ ಬೆನ್ನು ಕೊಟ್ಟು, ಎದುರು ಗೋಡೆಗೆ ಕಾಲೊತ್ತಿ ಕೂತವನು ಎಲ್ಡ್ರಿಜ್. ಬೆಳಕು ಹರಿದಾಗಿನಿಂದ ಮಧ್ಯಾಹ್ನದವರೆಗೆ ಹಾಗೇ ಕೂತಿದ್ದ. ಈಗ ಆ ಬಚ್ಚಲು ದೇವಸ್ಥಾನವಾಗಿಬಿಟ್ಟಿದೆ. ಹಡಗಿನಲ್ಲಿ ಸಿಮೆಂಟು ತರುವವರು, ಬಿದ್ದ ಮನೆ ಎಣಿಸಲು ಬರುವವರು, ಕ್ಯಾಮೆರಾದವರು, ಎಲ್ಲರೂ ಮೊದಲು ಕೇಳುವುದು ಹನ್ನೆರಡು ಜನರ ಬಚ್ಚಲು ಎಲ್ಲಿ ಎಂದೇ. ಬಾಗಿಲಿಗೆ ಬೆನ್ನು ಕೊಟ್ಟು ಕೂತು ತೋರಿಸಿ ಅನ್ನುತ್ತಾರೆ, ಸ್ವಲ್ಪ ಕಷ್ಟಪಡುವ ಹಾಗೆ ಮುಖ ಮಾಡಿ ಅನ್ನುತ್ತಾರೆ. ಅವನು ಕೂರುತ್ತಾನೆ. ಕಷ್ಟಪಡುವ ಮುಖ ತಾನಾಗಿಯೇ ಬರುತ್ತದೆ. ಅವರು ಹೋದಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂತಿರುತ್ತಾನೆ, ಬೆನ್ನಿಗೆ ಏನಾದರೂ ತಾಗೀತೆಂದು ಕಾಯುವವನ ಹಾಗೆ. ನಿದ್ದೆ ಬರುವುದೂ ಅಲ್ಲಿ ಮಾತ್ರ, ಟಾರ್ಪಾಲಿನ ಕೆಳಗಲ್ಲ. ವರ್ನಾಳಿಗೆ ಇದು ಗೊತ್ತು. ಬಚ್ಚಲಲ್ಲಿ ಮಲಗೋ ಮಹಾರಾಜ ಎಂದು ರೇಗಿಸುತ್ತಾಳೆ, ಹೆಚ್ಚು ಕೇಳುವುದಿಲ್ಲ.

"ಸಿಮೆಂಟು ಆಯ್ತಾ ಕ್ಯಾಪ್ಟನ್? ಗಟ್ಟಿಯಾಗಿಬಿಟ್ರೆ ತಲೆಮೇಲೆ ಹೊಡ್ಕೋಬೇಕು," ಎಂದು ದೋಣಿಯಿಂದ ಮರೀನೆಲಾ ಕೂಗಿದಳು. ಹವಳದ ಡಾಕ್ಟರು ಎಂದು ದ್ವೀಪದವರು ಅವಳಿಗಿಟ್ಟ ಹೆಸರು. ಸಮುದ್ರದಾಚೆಯ ದೊಡ್ಡ ನೆಲದಿಂದ ಬಂದ ಹುಡುಗಿ, ಮೂವತ್ತು ದಾಟಿರಲಾರದು. ಬಂದ ವಾರದಲ್ಲೇ ಇಲ್ಲಿಯ ಮಾತಿನಲ್ಲಿ ಬೈಯಲು ಕಲಿತವಳು. ಹವಳ ನೋಡಲು ಬಂದು ಎಲ್ಡ್ರಿಜ್‌ನ ಹಿಂದೆ ನೀರಿಗಿಳಿಯುತ್ತಿದ್ದ ಪ್ರವಾಸಿಗರು ಈಗ ಯಾರೂ ಇಲ್ಲ. ಇರುವುದು ಈ ಕೆಲಸ ಒಂದೇ: ಬುಡ ಮುರಿದು ಬಿದ್ದಿರುವ ಹವಳದ ಕೊಂಬೆಗಳು ಉಸುಕಿನಲ್ಲಿ ಉಜ್ಜಿಕೊಂಡು ಸಾಯುವ ಮೊದಲೇ ಆರಿಸಿ, ಬಂಡೆಯ ಪಾಚಿ ಕೆರೆದು, ಸಿಮೆಂಟಿನ ಉಂಡೆ ಒತ್ತಿ ಅದರಲ್ಲಿ ನೆಡುವುದು. ನೆಟ್ಟ ಕೊಂಬೆಯನ್ನು ನೂರು ಎಣಿಸುವವರೆಗೆ ಕೈಬಿಡಬಾರದು. ಎಲ್ಡ್ರಿಜ್‌ಗೆ ಈ ಎಣಿಕೆ ಇಷ್ಟ. ಎಣಿಸುತ್ತಿರುವವನನ್ನು ಯಾರೂ ಮಾತಾಡಿಸುವುದಿಲ್ಲ. ಜೀವಮಾನವೆಲ್ಲ ಅವನು ಮಾಡಿದ್ದೂ ಎಣಿಸುವ ಕೆಲಸವೇ. ದೋಣಿಯಿಂದ ನೀರಿಗೆ ಬಿಟ್ಟವರೆಷ್ಟು, ತಳದಲ್ಲಿ ಎಷ್ಟು, ಮೇಲೆ ಬಂದವರೆಷ್ಟು. ಎಂಟು ಇಳಿದರೆ ಎಂಟು ಏರಬೇಕು. ಕೆಳಗೆ ಇನ್ನೊಂದು ದೋಣಿಯವರು ಅಡ್ಡಾಡುತ್ತಿದ್ದರೆ ಅವರು ನಿನ್ನ ಲೆಕ್ಕವಲ್ಲ. ಅವರ ಹಿಂದೆ ಹೋದೆಯೋ, ನಿನ್ನವರು ಚೆಲ್ಲಾಪಿಲ್ಲಿ. ಇದನ್ನು ಕಲಿಸಿದವನು ಲೆಸ್ಟನ್. ಮುಂದೆ ಎಲ್ಡ್ರಿಜ್, ಕೊನೆಯಲ್ಲಿ ಲೆಸ್ಟನ್, ನಡುವೆ ಬಂದವರು. ಇಪ್ಪತ್ತೆಂಟು ವರ್ಷದಲ್ಲಿ ಒಂದು ತಲೆಯೂ ತಪ್ಪಿರಲಿಲ್ಲ.

ಇಬ್ಬರೂ ನೀರಿಗಿಳಿದರು. ನಲವತ್ತು ಅಡಿ ಆಳದಲ್ಲಿ ಹಸಿರುಬೆಳಕು ಎಂದಿನಂತೆ ತಣ್ಣಗಿತ್ತು. ಗಾಳಿ ಇಲ್ಲಿಯವರೆಗೂ ಇಳಿದು ಉಗುರು ಹಾಕಿದೆ ಎಂದರೆ ಮೇಲಿನವರು ನಂಬುವುದಿಲ್ಲ. ಮನೆಯಷ್ಟು ದೊಡ್ಡ ಹವಳದ ಗುಡ್ಡ ಮಗುಚಿ ಬಿದ್ದಿದೆ, ಅದರ ಬಿಳಿಹೊಟ್ಟೆ ಮೇಲಾಗಿ. ಎಲ್ಡ್ರಿಜ್ ಒಂದು ಕೊಂಬೆ ನೆಟ್ಟು ಎಣಿಸತೊಡಗಿದ. ಮೂವತ್ತೊಂದು, ಮೂವತ್ತೆರಡು. ಆಗ ಕೇಳಿಸಿತು. ಟಣ್ ಟಣ್ ಟಣ್. ಕಬ್ಬಿಣದಿಂದ ಬೆನ್ನಿನ ಉಸಿರುಗಾಳಿಯ ಸಿಲಿಂಡರಿಗೆ ಮೂರು ಪೆಟ್ಟು, ಒಂದು ಬಿಡುವು, ಮತ್ತೆ ಮೂರು. ಇತ್ತ ನೋಡು ಎಂದು ಅರ್ಥ. ಮುಳುಗುವವರಿಗೆ ಬೇರೆ ಬಾಯಿಲ್ಲ. ನೀರಿನೊಳಗೆ ಸದ್ದಿಗೆ ದಿಕ್ಕೂ ಇಲ್ಲ, ಸುತ್ತಲಿಂದ ಬರುತ್ತದೆ, ತಲೆಯೊಳಗಿಂದಲೇ ಬಂದ ಹಾಗೆ. ಅವನು ತಿರುಗಲಿಲ್ಲ. ಮೂವತ್ತೆರಡು, ಮೂವತ್ತೆರಡು. ಬೆನ್ನಿನ ಹಿಂದಿದ್ದದ್ದು ಸಿಲಿಂಡರಲ್ಲ, ಅವತ್ತಿನ ಬಚ್ಚಲ ಬಾಗಿಲು. ಬಾಗಿಲ ಕೆಳಗಡೆ, ನೀರು ತಾಗಿ ಕೊಳೆಯದಿರಲೆಂದು ಹೊಡೆದ ತಗಡು. ಪೆಟ್ಟು ಬೀಳುತ್ತಿದ್ದದ್ದು ಆ ತಗಡಿಗೆ, ಅಷ್ಟು ಕೆಳಗೆ, ಮಲಗಿದವನ ಕೈ ಎಟಕುವಲ್ಲಿ. ಅವನ ಸೊಂಟದ ಮೂಳೆಗೇ ತಾಗುತ್ತಿತ್ತು. "ಏನೋ ಅದು ಸದ್ದು?" ಎಂದು ಮುಚ್ಚಿದ ಬಚ್ಚಲ ಕತ್ತಲಲ್ಲಿ ವರ್ನಾ ಕೇಳಿದ್ದಳು. "ತಗಡು ಹಾರಾಡ್ತಿದೆ, ಸುಮ್ನಿರು," ಎಂದಿದ್ದ. ಅಷ್ಟು ಸಲೀಸಾಗಿ ಬಂದಿತ್ತು ಸುಳ್ಳು. ತಗಡಿಗೆ ಮೂರು ಹೊಡೆದು ಬಿಡುವು ಕೊಡಲು ಬರುತ್ತದೆಯೇ? ಈ ದ್ವೀಪದಲ್ಲಿ ಹಾಗೆ ಬಾಗಿಲು ಬಡಿಯುವವನು ಒಬ್ಬನೇ, ಮಿಕ್ಕವರು ಹೆಸರು ಹಿಡಿದು ಕೂಗುತ್ತಾರೆ. ಆಗಲೂ ಅವನು ಎಣಿಸಿದ್ದ. ವರ್ನಾ ಒಂದು, ಅವಳ ಮಗಳು ಎರಡು, ಬಸುರಿ, ಅವಳತ್ತೆ. ಕತ್ತಲಲ್ಲಿ ತಲೆ ಮುಟ್ಟಿ ಮುಟ್ಟಿ ಎಣಿಸಿದ. ಹನ್ನೆರಡು. ಲೆಕ್ಕ ಸರಿಯಿತ್ತು. ಲೆಕ್ಕ ಸರಿಯಿದೆಯೆಂದು ಅವನಿಗೆ ಒಂದು ಕ್ಷಣ ಸಮಾಧಾನವೂ ಆಗಿತ್ತು. ನೋಡಿದರೆ ಕೈಯೊಳಗಿನ ಹವಳದ ಕೊಂಬೆ ಮುರಿದಿತ್ತು.

ಮೇಲೆ ಬಂದು ದೋಣಿಯ ಅಂಚು ಹಿಡಿದೊಡನೆ ಮರೀನೆಲಾ ಮಾಸ್ಕು ಕಿತ್ತು ಎಸೆದಳು. "ಕಿವಿಗೇನು ಸಿಮೆಂಟು ಮೆತ್ಕೊಂಡಿದೀರಾ? ಎಷ್ಟು ಸಲ ಬಡೀಬೇಕು?"

"ಕೇಳಿಸ್ಲಿಲ್ಲ."

"ಕೇಳಿಸ್ತು. ನಿಮ್ಮ ಹೆಗಲು ಬಿಗಿಯಾಗಿದ್ದು ನೋಡ್ದೆ. ನಾನೇನೋ ಮೊದಲನೇ ವಾರ ನೆಟ್ಟಿದ್ದು ಚಿಗುರಿದೆ, ಸಿಮೆಂಟಿನ ಮೇಲೇ ಚರ್ಮ ಹಬ್ಬಿಸ್ಕೊಂಡಿದೆ, ತೋರ್ಸೋಣ ಅಂತ ಕರ್ದೆ. ನನ್ನ ಗಾಳಿ ನಿಂತುಹೋಗಿದ್ರೆ?" ಅವಳ ದನಿ ಇಳಿಯಿತು. ಸಿಟ್ಟಿಗಿಂತ ಇದು ಕೆಟ್ಟದ್ದಾಗಿತ್ತು. "ಬೇಜಾರು ಮಾಡ್ಕೋಬೇಡಿ ಕ್ಯಾಪ್ಟನ್. ಆದ್ರೆ ಕರೆದ್ರೆ ತಿರುಗದೇ ಇರೋರ ಜೊತೆ ನಾನು ಹೇಗೆ ಇಳೀಲಿ? ಸೋಮವಾರದಿಂದ ನೀವು ದೋಣೀಲಿ ಇರಿ, ಸಿಮೆಂಟು ಕಲಸಿಕೊಡಿ. ನಾನು ಬೇರೆಯವ್ರನ್ನ ನೋಡ್ಕೋತೀನಿ."

ಸರಿ ಎಂದ. ಮಗಳ ವಯಸ್ಸಿನವಳು ನೀರಿನಿಂದ ಎತ್ತಿ ದೋಣಿಗೆ ಹಾಕಿದಳು, ಹಳೆಯ ಬಲೆಯನ್ನು ಎತ್ತಿಹಾಕುವ ಹಾಗೆ. ಅವಳು ಹೇಳಿದ್ದು ನಿಜ. ದಡಕ್ಕೆ ಬರುವವರೆಗೆ ಗುಡ್ಡವನ್ನೇ ನೋಡುತ್ತ ಕೂತ. ಮರಗಳಿಗೆ ಕೊಂಬೆಗಳಿರಲಿಲ್ಲ, ಬೋಳು ಕಾಂಡಕ್ಕೇ ಎಲೆ ಅಂಟಿಸಿದ ಹಾಗೆ ಚಿಗುರಿದ್ದವು. ಎಲ್ಲವೂ ಚಿಗುರುತ್ತಿವೆ ದರಿದ್ರದವು, ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೂ ನಾಚಿಕೆಯಾಯಿತು.

ದಕ್ಕೆಯಿಂದ ಓರ್ಡೆಲಿಯಾಳ ಮನೆಗೆ ಅರ್ಧ ಗಂಟೆಯ ದಾರಿ. ಮೈ ತೊಳೆದುಕೊಂಡು, ದಾನದ ಮೂಟೆಯಲ್ಲಿ ಬಂದ ಬಿಳಿ ಅಂಗಿ ತೊಟ್ಟುಕೊಂಡು ಹೊರಟ. ಅಂಗಿಯ ಮೇಲೆ ಯಾವುದೋ ಊರಿನ ಯಾವುದೋ ಬ್ಯಾಂಕಿನ ಗುರುತಿತ್ತು. ರಸ್ತೆಬದಿಯಲ್ಲಿ ಗಾರೆ ಕಲಸುತ್ತಿದ್ದವನೊಬ್ಬ, "ಏನ್ ಕ್ಯಾಪ್ಟನ್, ನಾಳೆ ಬಚ್ಚಲಪ್ಪನಿಗೆ ಮೆರವಣಿಗೆಯಂತೆ! ನಂಗೂ ಒಂಚೂರು ತೀರ್ಥ ಇರ್ಲಿ!" ಎಂದ. ಸುತ್ತಲಿನವರು ನಕ್ಕರು. ಎಲ್ಡ್ರಿಜ್ ಕೂಡ ನಕ್ಕ. ನಗಲು ಬರುತ್ತದೆ ಅವನಿಗೆ, ನೂರು ದಿನದಿಂದ ನಕ್ಕು ನಕ್ಕು ಕೆನ್ನೆ ಪಳಗಿಹೋಗಿದೆ. ಈ ನಗುವವರಲ್ಲಿ ಒಬ್ಬರಾದರೂ ಹತ್ತಿರ ಬಂದು, ಅವತ್ತು ಬೇರೆ ಏನಾದ್ರೂ ಕೇಳಿಸ್ತೇನೋ ಎಂದು ಕೇಳಿದ್ದರೆ ಅವನು ಅಲ್ಲೇ ಕುಸಿದು ಎಲ್ಲವನ್ನೂ ಕಕ್ಕಿಬಿಡುತ್ತಿದ್ದ. ಯಾರೂ ಕೇಳುವುದಿಲ್ಲ. ಹೊಗಳುತ್ತಾರೆ. ಹೊಗಳುವವರ ನಡುವೆ ಮನುಷ್ಯ ಇಷ್ಟು ಒಂಟಿಯಾಗಬಹುದೆಂದು ಅವನಿಗೆ ಗೊತ್ತಿರಲಿಲ್ಲ. ಮೊದಲೆಲ್ಲ ಇಂಥ ಗಂಟುಗಳನ್ನು ಅವನು ಬಿಚ್ಚುತ್ತಿದ್ದುದು ಲೆಸ್ಟನ್ನನ ಮುಂದೆ. ದೋಣಿ ತೊಳೆಯುತ್ತ, ಮುಖ ನೋಡದೆ. ಲೆಸ್ಟನ್ ಪೂರ್ತಿ ಕೇಳಿಸಿಕೊಂಡು, "ಆಯ್ತು ಬಿಡು, ಹಗ್ಗ ಸುತ್ತು," ಎನ್ನುತ್ತಿದ್ದ. ಅಷ್ಟರಿಂದಲೇ ಹಗುರಾಗುತ್ತಿತ್ತು. ಈಗ ಹೇಳಿಕೊಳ್ಳಬೇಕಾದದ್ದು ಇಷ್ಟು ದೊಡ್ಡದಿದೆ, ಕೇಳುವವನಿಲ್ಲ. ಇವತ್ತು ಹೇಳಲೇಬೇಕು ಎಂದುಕೊಂಡ. ನಾಳೆ ಅವಳು ಹೂವು ಸಿಕ್ಕಿಸಿದ ಮೇಲೆ ಹೇಳಲು ಬರುವುದಿಲ್ಲ. ಆಮೇಲೆ ಅದು ಸುಳ್ಳಾಗಿ ಕಲ್ಲಾಗಿಬಿಡುತ್ತದೆ. ಹೊಡೆಯಲಿ. ಮುಖಕ್ಕೆ ಉಗಿಯಲಿ. ಉಗಿಸಿಕೊಂಡು ಬಂದು ಬಚ್ಚಲ ಹೊರಗೆ ಮಲಗಿ ನಿದ್ದೆ ಮಾಡುತ್ತೇನೆ.

ಹಲಗೆಯ ಹೊಸ ಮನೆ ಇನ್ನೂ ಬಣ್ಣದ ವಾಸನೆ ಹೊಡೆಯುತ್ತಿತ್ತು. ಮಿಸ್ ಓರ್ಡೆಲಿಯಾ ಕಿಟಕಿಯ ಹತ್ತಿರ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಕೆಸರಿನಿಂದ ಅಗೆದು ತೆಗೆದು, ವಾರಗಟ್ಟಲೆ ಕೊಬ್ಬರಿಎಣ್ಣೆ ಹಾಕಿ ತಿಕ್ಕಿದ ಯಂತ್ರ. ಗಾಳಿ ಬಂದ ದಿನ ಅವಳು ದ್ವೀಪದಲ್ಲಿರಲಿಲ್ಲ. ಮಗಳ ಬಾಣಂತನಕ್ಕೆಂದು ಪಕ್ಕದ ದ್ವೀಪ ಸ್ಯಾನ್ ಆಂಡ್ರೆಸ್‌ಗೆ ಹೋಗಿದ್ದಳು. ಒಂದು ವಾರದ ಮೇಲೆ ನೌಕಾಪಡೆಯ ಹಡಗಿನಲ್ಲಿ ಬಂದಿಳಿದಾಗ ಗಂಡನನ್ನು ಮಣ್ಣು ಮಾಡಿಯಾಗಿತ್ತು.

"ಬಾ ಬಾ. ಏನಿದು, ಮೂಳೆ ಚಕ್ಕಳ ಆಗೋಗಿದೀಯ! ವರ್ನಾ ಊಟ ಹಾಕ್ತಾಳೋ, ಬರೀ ಮಾತು ಬಡಿಸ್ತಾಳೋ?" ಎಂದು ಎದ್ದಳು. "ಏಡಿ ಸಾರಿದೆ, ತಿಂದ್ಕೊಂಡೇ ಹೋಗ್ಬೇಕು. ಮೊದ್ಲು ಇದನ್ನ ಹಾಕ್ಕೊ."

ಕಪ್ಪುನೀಲಿ ಕೋಟು. ಲೆಸ್ಟನ್ ಅದನ್ನು ತೊಡುತ್ತಿದ್ದದ್ದು ಮದುವೆಗೆ, ಸಾವಿಗೆ, ದೋಣಿಪಂದ್ಯ ಗೆದ್ದ ದಿನಕ್ಕೆ. ತಗಡಿನ ಟ್ರಂಕಿನಲ್ಲಿದ್ದುದರಿಂದ ಉಳಿದುಕೊಂಡಿತ್ತು. ಎಲ್ಡ್ರಿಜ್ ಕೈ ತೂರಿಸಿದ. ತೋಳು ಉದ್ದ, ಹೆಗಲು ಅಗಲ. ಅವಳು ಐದಾರು ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಅವನ ಸುತ್ತ ಓಡಾಡತೊಡಗಿದಳು. ಸೂಜಿಗಳ ಸಂದಿನಿಂದಲೇ ಮಾತು. ಮಗಳು ನಾಳೆ ಬೆಳಗಿನ ದೋಣಿಗೆ ಕೂಸು ಕಟ್ಟಿಕೊಂಡು ಬರುತ್ತಾಳೆ. ಗಂಡು ಕೂಸು, ಹೆಸರು ಲೆಸ್ಟನ್ ಎಂದೇ ಇಟ್ಟಿದ್ದಾರೆ. "ಒಂದೇ ಒಂದು ನೆಮ್ಮದಿ ನಂಗೆ," ಎಂದಳು, ಬೆನ್ನಿನ ಹೊಲಿಗೆ ಹಿಡಿಯುತ್ತ. "ಒದ್ದಾಡ್ಲಿಲ್ಲ. ತೊಲೆ ತಲೆ ಮೇಲೆ ಬಿತ್ತು, ಅಂಗಳದಲ್ಲೇ ಹೋಗ್ಬಿಟ್ಟ, ಅವ್ನಿಗೆ ಗೊತ್ತೂ ಆಗಿರಲ್ಲ ಅಂದ್ರು ಡಾಕ್ಟರು. ದಿನಾ ಮಲಗೋವಾಗ ಅದನ್ನೇ ಹೇಳ್ಕೋತೀನಿ. ನಿನ್ನ ಬಾಗಿಲ ಹತ್ರ ಬಂದಿದ್ರೆ ನೀನು ಎಳ್ಕೊಂಡ್ಬಿಡ್ತಿದ್ದೆ, ಅದು ನಂಗೊತ್ತು. ಬರೋಕಾಗ್ಲಿಲ್ಲ, ಅಷ್ಟೇ."

"ಬಂದಿದ್ದ," ಎಂದ ಎಲ್ಡ್ರಿಜ್.

ಅವಳ ಕೈ ಬೆನ್ನ ಮೇಲೆ ನಿಂತಿತು. ತಿರುಗಿ ನೋಡಲು ಅವನಿಗೆ ಧೈರ್ಯವಾಗಲಿಲ್ಲ. ಕಿಟಕಿಗೆ, ಕಿಟಕಿಯಾಚೆಯ ಸಮುದ್ರಕ್ಕೆ ಹೇಳಿದ. ತಗಡಿನ ವಿಷಯ ಹೇಳಿದ. ಮೂರು ಪೆಟ್ಟು, ಬಿಡುವು, ಮೂರು ಪೆಟ್ಟು ಎಂದ. ಅದು ಯಾರೆಂದು ಮೊದಲನೇ ಸಲಕ್ಕೇ ಗೊತ್ತಾಯಿತು ಎಂದ. ಬಾಗಿಲು ಒಂದು ಬೆರಳು ಸಡಿಲಿಸಿದರೂ ಗಾಳಿ ಒಳಗೆ ನುಗ್ಗಿ ಎಲ್ಲರನ್ನೂ ಎತ್ತಿಕೊಂಡು ಹೋಗುತ್ತದೆ ಎಂದುಕೊಂಡೆ, ಹಾಗೆ ಅಂದುಕೊಂಡೆನೋ ಅಥವಾ ಸುಮ್ಮನೆ ಹೆದರಿದೆನೋ, ನಿಜವಾಗಿ ಗೊತ್ತಿಲ್ಲ ಎಂದ. ಗಾಳಿ ನಿಂತ ಮೇಲೆ ತೆಗೆದರೆ ಯಾರೂ ಇರಲಿಲ್ಲ, ಗುಡ್ಡದಿಂದಿಳಿದ ಕೆಸರು ಅವನನ್ನೂ ಎಲ್ಲವನ್ನೂ ಕೆಳಗೆ ನಿಮ್ಮ ಅಂಗಳಕ್ಕೆ ತಳ್ಳಿತ್ತು ಎಂದ. ಹೇಳುತ್ತ ಹೇಳುತ್ತ ಅವನಿಗೇ ಗೊತ್ತಿಲ್ಲದೆ ಎದೆ ಹಗುರಾಗುತ್ತ ಬಂತು, ಉಸಿರು ಸಲೀಸಾಯಿತು. ನೂರು ದಿನದ ಮೇಲೆ ಪೂರ್ತಿ ಒಂದು ಉಸಿರು ಎಳೆದುಕೊಂಡ.

ಹಿಂದೆ ಓರ್ಡೆಲಿಯಾ ತುಟಿಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದಳು.

"ಎಷ್ಟು ಹೊತ್ತು?"

ಅವನು ಕಿಟಕಿಯಿಂದ ಕಣ್ಣು ಕೀಳಲಿಲ್ಲ.

"ಎಷ್ಟು ಹೊತ್ತು ಬಡಿದ, ಅಂದೆ. ನೀನು ಎಣಿಸೋನು. ಎಣಿಸಿರ್ತೀಯ."

"ಇಪ್ಪತ್ತು ನಿಮಿಷ ಇರ್ಬಹುದು ಮಿಸ್ ಓರ್ಡೆಲಿಯಾ."

"ಇಪ್ಪತ್ತು ನಿಮಿಷ." ಅವಳು ಕುರ್ಚಿಯಲ್ಲಿ ಕೂತಳು. "ಕೂಗಿದ್ನಾ?"

"ಗಾಳೀಲಿ ಕೇಳ್ತಿರ್ಲಿಲ್ಲ."

"ಕೂಗಿರ್ತಾನೆ." ತನ್ನ ಅಂಗೈಯನ್ನೇ ನೋಡಿಕೊಂಡಳು. ಅಳುತ್ತಾಳೆ ಎಂದು ಅವನು ಕಾದ, ಎದ್ದು ಹೊಡೆಯುತ್ತಾಳೆ ಎಂದು ಕಾದ. ಹೊಡೆತಕ್ಕೆ ಮುಖ ಸಿದ್ಧವಾಗಿತ್ತು. ಅವಳು ತಲೆಯೆತ್ತಿದಾಗ ಹತ್ತು ವರ್ಷ ಮುದಿಯಾದ ಹಾಗೆ ಮುಖ ಇಳಿದುಹೋಗಿತ್ತು. "ನಾನು ನೂರು ದಿನದಿಂದ ನಿದ್ದೆ ಮಾಡ್ತಿದ್ದೆ ಎಲ್ಡ್ರಿಜ್," ಎಂದಳು. "ಅತ್ತರೂ ಕೊನೆಗೆ ನಿದ್ದೆ ಬರ್ತಿತ್ತು. ನಿಂಗೆ ಬರ್ತಿರ್ಲಿಲ್ಲ, ಅದಕ್ಕೆ ನಂದನ್ನ ತಗೊಂಡು ಹೋಗೋಕೆ ಬಂದ್ಯಾ?"

ಅವನು ಇಷ್ಟು ದಿನ ಮನಸ್ಸಿನಲ್ಲಿ ಈ ಮಾತನ್ನು ನೂರು ಸಲ ಆಡಿ ನೋಡಿದ್ದ, ಪ್ರತಿಸಲವೂ ತಾನು ಹೇಳಿ ಮುಗಿಸಿದಲ್ಲಿಗೆ ಕತೆ ಮುಗಿಯುತ್ತಿತ್ತು. ಅದರಾಚೆ ಅವಳೊಬ್ಬಳು ಇದೇ ಮನೆಯಲ್ಲಿ ಮಲಗಬೇಕು ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ. "ನಾನು ಪಾಸ್ಟರ ಹತ್ರ ಹೋಗ್ತೀನಿ," ಎಂದು ತೊದಲಿದ. "ನಾಳೆ ನಿಲ್ಲಲ್ಲ. ಎಲ್ಲರ ಮುಂದೆ ಹೇಳ್ಬಿಡ್ತೀನಿ."

"ಬಾಯ್ಮುಚ್ಚು." ಮೊದಲ ಸಲ ದನಿ ಒಡೆಯಿತು. "ನನ್ನ ಮಗಳು ಬರ್ತಿದಾಳೆ. ಅವ್ಳಿಗೆ ಅಪ್ಪ ಅಂಗಳದಲ್ಲೇ ಹೋದ. ಆ ಕೂಸಿಗೆ ತಾತ ಅಂಗಳದಲ್ಲೇ ಹೋದ. ನಿನ್ನ ಬಚ್ಚಲಲ್ಲಿ ಇದ್ರಲ್ಲ, ಹನ್ನೆರಡು ಜನ, ಅವ್ರಿಗೆ ಇನ್ಮೇಲೆ ತುತ್ತು ಒಳಗಿಳಿಯೋದು ಬೇಡ್ವಾ? ವರ್ನಾ ಉಳೀತಾಳಾ ಇದನ್ನ ಕೇಳಿ? ಬಾಗಿಲು ತೆಗೆದಿದ್ರೆ ಏನಾಗ್ತಿತ್ತೋ ನಂಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ನಿನ್ನ ತಪ್ಪು ಅನ್ನಲ್ಲ. ತಪ್ಪಲ್ಲ ಅಂತಾನೂ ನನ್ನ ಬಾಯಲ್ಲಿ ಬರಲ್ಲ, ಕೇಳ್ಬೇಡ. ನಾಳೆ ನೀನು ಬರ್ತೀಯ. ಇದನ್ನೇ ಹಾಕ್ಕೊಂಡು ಬರ್ತೀಯ. ಪಾಸ್ಟರು ಹೊಗಳೋದನ್ನ ಕೊನೇವರೆಗೂ ನಿಂತ್ಕೊಂಡು ಕೇಳ್ತೀಯ. ನಾನು ಹೂವು ಸಿಕ್ಕಿಸ್ತೀನಿ. ಮುಗೀತು."

ಒಲೆಯ ಮೇಲೆ ಏಡಿ ಸಾರು ಕುದಿದು ಉಕ್ಕಿತು. ಅವಳು ಎದ್ದು ಹೋಗಿ ಒಲೆ ಆರಿಸಿ, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಬಂದಳು. ಊಟದ ಮಾತೆತ್ತಲಿಲ್ಲ. ಮೇಜಿನ ಮೇಲಿನ ಸೂಜಿಗಳನ್ನು ಮತ್ತೆ ತುಟಿಗೆ ಕಚ್ಚಿಕೊಂಡಳು.

"ಇನ್ನೊಂದು ತೋಳು ಬಾಕಿ ಇದೆ," ಎಂದಳು. "ಕೈ ಎತ್ತು."

ಎಲ್ಡ್ರಿಜ್ ಕೈ ಎತ್ತಿದ. ಅವಳು ಕಂಕುಳಿನಿಂದ ಮಣಿಕಟ್ಟಿನವರೆಗೆ ಬಟ್ಟೆ ಮಡಚುತ್ತ, ಸೂಜಿ ಸಿಕ್ಕಿಸುತ್ತ ಬಂದಳು. ಅವಳ ಉಸಿರು ಅವನ ಕೈಗೆ ತಾಗುತ್ತಿತ್ತು. ಒಂದಾದರೂ ಚುಚ್ಚಲಿ ಎಂದು ಅವನು ಕಣ್ಣುಮುಚ್ಚಿ ಕಾದ. ನಲವತ್ತು ವರ್ಷ ಹೊಲಿದ ಕೈ ಅದು. ಒಂದೂ ಚುಚ್ಚಲಿಲ್ಲ.